ಇಸಿಜಿ ಸರಿ ಇದೆ, ಮತ್ತೆ ಟಿಎಂಟಿಯಲ್ಲಿ ‘ಗುರಿ ಮುಟ್ಟಿಲ್ಲ’ ಅಂದರೇನು?

ಪ್ರಶ್ನೆ: ಡಾಕ್ಟರೇ, ನಮ್ಮದು ತೀರ್ಥಹಳ್ಳಿ ಕಡೆ ಹಳ್ಳಿ. ಅಪ್ಪಯ್ಯನಿಗೆ 62 ವರ್ಷ. ಹೋದ ವರ್ಷ ಸ್ಟೆಂಟ್ ಹಾಕಿಸಿದ್ದೇವೆ, ಮೆಟೊಪ್ರೊಲಾಲ್ ಮಾತ್ರೆ ನಡೀತಾ ಇದೆ. ಮೊನ್ನೆ ಶಿವಮೊಗ್ಗದಲ್ಲಿ ಟಿಎಂಟಿ (ಟ್ರೆಡ್‌ಮಿಲ್ ಮೆಷಿನ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) ಮಾಡಿಸಿದೆವು. 7 ನಿಮಿಷ ನಡೆದು, ಕಾಲು ಸೋತು ನಿಲ್ಲಿಸಿದರು. ಎದೆನೋವು ಬರಲಿಲ್ಲ, ಇಸಿಜಿಯೂ ಬದಲಾಗಲಿಲ್ಲ. ನಾಡಿ 128ಕ್ಕೆ ಏರಿತ್ತು, ನಿಲ್ಲಿಸಿ ಒಂದು ನಿಮಿಷಕ್ಕೆ 112. ರಿಪೋರ್ಟಿನಲ್ಲಿ ಮಾತ್ರ ‘ಗುರಿ ಮುಟ್ಟಿಲ್ಲ’ ಅಂತಿದೆ. ಹೆದರಬೇಕಾ? ದಿನಾ ತೋಟದ ಏರು ಹತ್ತುವವನಿಗೆ ಈ ಮೆಷಿನ್ ಯಾಕೆ ಅಂತ ಅಪ್ಪಯ್ಯ ಬೇರೆ ಬೈತಾರೆ.

ಉತ್ತರ: ಆ ಸಾಲು ನೋಡಿ ಹೆದರಬೇಡಿ. 220ರಲ್ಲಿ ವಯಸ್ಸು ಕಳೆದರೆ ಅಪ್ಪಯ್ಯನಿಗೆ 158 ಆಯಿತು, ಅದರ ಶೇಕಡಾ 85 ಅಂದರೆ ಸುಮಾರು 134. ನಾಡಿ ಮುಟ್ಟಬೇಕಾದ ಗುರಿ ಅದೇ. ಮೆಟೊಪ್ರೊಲಾಲ್ ಇರುವುದೇ ನಾಡಿಯನ್ನು ತಡೆದು ಹಿಡಿಯುವುದಕ್ಕೆ, ಹಾಗಿರುವಾಗ 128ಕ್ಕೆ ನಿಂತರೆ ಆಶ್ಚರ್ಯವೇನಿಲ್ಲ. ಆದರೆ ಇದೊಂದು ಇದೆ, ನಾಡಿ ಪೂರ್ತಿ ಏರದಿದ್ದಾಗ ‘ಬ್ಲಾಕ್ ಇಲ್ಲವೇ ಇಲ್ಲ’ ಅಂತ ಖಡಾಖಂಡಿತ ಹೇಳಲು ಬರುವುದಿಲ್ಲ. ಬ್ಲಾಕ್ ಹುಡುಕುವುದೇ ಉದ್ದೇಶವಾದರೆ ಮಾತ್ರೆ ನಿಲ್ಲಿಸಿ ಮಾಡುವುದುಂಟು, ಅದನ್ನು ನಿಮ್ಮ ಡಾಕ್ಟರೇ ಹೇಳಬೇಕು. ನೀವಾಗಿ ಮಾತ್ರೆ ನಿಲ್ಲಿಸಲೇಬೇಡಿ.

ಎಲ್ಲರೂ ರಿಪೋರ್ಟ್ ಕೈಗೆ ಸಿಕ್ಕ ಕೂಡಲೇ ಪಾಸಿಟಿವ್ವಾ ನೆಗೆಟಿವ್ವಾ ಅಂತ ನೋಡುತ್ತಾರೆ. ಹೃದಯದ ಕಾಯಿಲೆ ಇದೆ ಅಂತ ಗೊತ್ತಿರುವವರಲ್ಲಿ ನಾನು ಮೊದಲು ನೋಡುವುದು ಎಷ್ಟು ನಿಮಿಷ ನಡೆದರು ಅನ್ನುವುದನ್ನು. ಮುಂದೆ ಹೇಗಿರುತ್ತಾರೆ ಅನ್ನುವ ಸುಳಿವು ಅಲ್ಲೇ ಜಾಸ್ತಿ ಸಿಗುವುದು.

ಸಾಮಾನ್ಯವಾಗಿ ಬಳಸುವ ಬ್ರೂಸ್ ಕ್ರಮದಲ್ಲಿ ಪ್ರತಿ 3 ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತವೆ. ಮೊದಲು ಗಂಟೆಗೆ 2.7 ಕಿ.ಮೀ., ಶೇಕಡಾ 10 ಏರು. ಆಮೇಲೆ 4 ಕಿ.ಮೀ., 12 ಏರು. ಆಮೇಲೆ 5.5 ಕಿ.ಮೀ., 14 ಏರು. ಅಂದರೆ ಅಪ್ಪಯ್ಯ ಮೂರನೇ ಹಂತಕ್ಕೆ ಕಾಲಿಟ್ಟಿದ್ದಾರೆ, ಸುಮಾರು 7–8 ಮೆಟ್. ಸುಮ್ನೆ ಕೂತಾಗ ಮೈ ಬಳಸುವ ಆಮ್ಲಜನಕ 1 ಮೆಟ್, ಇದು ಅದರ ಏಳೆಂಟು ಪಟ್ಟು. 2002ರಲ್ಲಿ ಪ್ರಕಟವಾದ, 6,000ಕ್ಕೂ ಹೆಚ್ಚು ಗಂಡಸರನ್ನು ನೋಡಿದ ಅಮೆರಿಕದ ಅಧ್ಯಯನದಲ್ಲಿ ಒಂದೊಂದು ಮೆಟ್ ಹೆಚ್ಚಾದಂತೆ ಬದುಕುಳಿಯುವ ಸಾಧ್ಯತೆ ಶೇಕಡಾ 12ರಷ್ಟು ಸುಧಾರಿಸಿತ್ತು. 5 ಮೆಟ್ ಕೂಡ ಮುಟ್ಟದವರಿಗೆ 8 ದಾಟಿದವರಿಗಿಂತ ಸಾವಿನ ಅಪಾಯ ಹೆಚ್ಚುಕಮ್ಮಿ ಎರಡು ಪಟ್ಟು. (ಮೆಷಿನ್ನಿನ ಕಂಬಿಗೆ ಜೋತುಬಿದ್ದು ನಡೆದಿದ್ದರೆ ಈ ಲೆಕ್ಕ ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತದೆ, ಅದನ್ನೊಮ್ಮೆ ಕೇಳಿ.)

ನಾಡಿ ಇಳಿದದ್ದೂ ಚೆನ್ನಾಗಿದೆ. ನಿಲ್ಲಿಸಿದ ಮೊದಲ ನಿಮಿಷದಲ್ಲಿ 12 ಅಥವಾ ಅದಕ್ಕಿಂತ ಕಮ್ಮಿ ಇಳಿದರೆ ಯೋಚನೆ, ಇವರದು 16 ಇಳಿದಿದೆ. ಡ್ಯೂಕ್ ಸ್ಕೋರ್ ಅಂತ ಇನ್ನೊಂದಿದೆ. ನಡೆದ ನಿಮಿಷದಿಂದ ಇಸಿಜಿ ಬದಲಾವಣೆಗೂ ಎದೆನೋವಿಗೂ ಅಂಕ ಕಳೆಯುತ್ತಾರೆ. ಇವರಿಗೆ ಕಳೆಯುವುದು ಏನೂ ಇಲ್ಲ, 7 ಉಳಿಯಿತು. 5 ಮೇಲಿದ್ದರೆ ಕಮ್ಮಿ ಅಪಾಯದ ಗುಂಪು. ಸ್ಟೆಂಟ್ ಆದವರಲ್ಲಿ ಇದನ್ನು ಸುಳಿವು ಅಂತಷ್ಟೇ ಇಟ್ಟುಕೊಳ್ಳಿ. ನಡೆಯುವಾಗ ಬಿಪಿ ಏರಿತಾ ಅಂತಲೂ ನೋಡಿ. ಏರುವ ಬದಲು ಕೂತಾಗ ಇದ್ದದ್ದಕ್ಕಿಂತ ಕೆಳಗೆ ಇಳಿದಿದ್ದರೆ ಅದು ಗಂಭೀರ.

ಇನ್ನು ಅಪ್ಪಯ್ಯನ ಬೈಗುಳ. ತೋಟದ ಏರಿನಲ್ಲಿ ಸುಸ್ತಾದರೆ ನಿಂತು ಕವಳ ಹಾಕಿ, ಯಾರ ಹತ್ತಿರವೋ ಕೊನೆ ಕೊಯ್ಲಿನ ಸುದ್ದಿ ಮಾತಾಡಿ ಮುಂದೆ ಹೋಗಬಹುದು, ಅಲ್ವಾ? ಮೆಷಿನ್ ಆ ಪುರುಸೊತ್ತು ಕೊಡುವುದಿಲ್ಲ. ಜೊತೆಗೆ ಇಸಿಜಿ, ಬಿಪಿ ಕಣ್ಣೆದುರೇ ಇರುತ್ತವೆ. ಆದರೂ ತೋಟಕ್ಕೆ ಹೋಗುವುದನ್ನು ಬಿಡಿಸಬೇಡಿ. ಮೆಟ್ ಹೆಚ್ಚುವುದೇ ನಡೆದಾಗ. ಮಳೆಗಾಲದಲ್ಲಿ ಜಾರುವ ದಾರಿ ಬೇಡ, ಜಗಲಿ ಮೇಲೋ ಅಂಗಳದಲ್ಲೋ ಓಡಾಡಲಿ.

ಮೊದಲು ನಿರಾಳವಾಗಿ ಹತ್ತುತ್ತಿದ್ದ ಏರಿನಲ್ಲಿ ಈಗ ಎದೆ ಬಿಗಿದರೆ ಮುಂದಿನ ತಪಾಸಣೆವರೆಗೆ ಕಾಯಬೇಡಿ, ಬೇಗ ಡಾಕ್ಟರಿಗೆ ತೋರಿಸಿ. ಸುಮ್ನೆ ಕೂತಾಗಲೇ ಎದೆನೋವು ಬಂದರೆ ಟಿಎಂಟಿ ಮಾತೇ ಇಲ್ಲ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೊರಡಿ.