ಹಳದಿ ಕಾಲಿನ ಹುಂಜವನ್ನು ಎಲ್ಲಿ ಬಿಟ್ಟಿರಿ?

ಉಡುಪಿ

ಪ್ರಿಯರೇ, ನಮಸ್ಕಾರ.

ನೀವು ಕಳುಹಿಸಿದ ‘ಸಾಕುಪ್ರಾಣಿಗಳ ಡಿಎನ್‌ಎ ರಹಸ್ಯ’ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲಾರೆ. ‘ವಿಷಾದಿಸುತ್ತೇವೆ’ ಎಂಬ ಒಂದು ಸಾಲು ಬರೆದು ಮುಗಿಸಬಹುದಿತ್ತು, ಆದರೆ ಆರನೆಯ ಪುಟದ ನಾಲ್ಕು ಸಾಲು ಸುಮ್ಮನಿರಲು ಬಿಡಲಿಲ್ಲ. ಅಲ್ಲಿಗೆ ಆಮೇಲೆ ಬರುತ್ತೇನೆ. ಮೊದಲು ತಕರಾರು.

‘ಅನಾದಿ ಕಾಲದಿಂದಲೂ ಮಾನವನು ಪ್ರಾಣಿಗಳೊಡನೆ ಬಾಳುತ್ತ ಬಂದಿದ್ದಾನೆ’ ಎಂದು ಶುರು ಮಾಡಿದ್ದೀರಿ. ನನ್ನ ಮೇಜಿಗೆ ಬರುವ ವಿಜ್ಞಾನ ಲೇಖನಗಳಲ್ಲಿ ಅರ್ಧಕ್ಕರ್ಧ ಈ ಅನಾದಿ ಕಾಲದಲ್ಲೇ ಹುಟ್ಟುತ್ತವೆ. ಎರಡನೆಯ ಪುಟದಲ್ಲಿ ಡಿಎನ್‌ಎ ‘ಕಾಲಯಂತ್ರ’, ಮೂರನೆಯದರಲ್ಲಿ ‘ಜೀವದ ನೀಲನಕ್ಷೆ’. ಎರಡನ್ನೂ ಹೊಡೆದುಹಾಕಿದ್ದೇನೆ. ಕುದುರೆಯ ಭಾಗದಲ್ಲಿ ತಪ್ಪೇನೂ ಇಲ್ಲ: 273 ಪ್ರಾಚೀನ ಕುದುರೆಗಳು, 2021ರ ಅಧ್ಯಯನ, ಸಾಕುಕುದುರೆಯ ಮೂಲವೆಂದು ಅದು ತೋರಿಸಿದ ರಷ್ಯಾದ ವೋಲ್ಗಾ ಮತ್ತು ಡಾನ್ ನದಿಗಳ ಹುಲ್ಲುಗಾವಲು. ಆದರೆ ಪರೀಕ್ಷೆಗೆ ಬರೆದುಕೊಂಡ ಟಿಪ್ಪಣಿಯಂತಿದೆ. ಪೂರ್ತಿ ತೆಗೆಯಿರಿ.

ದೊಡ್ಡ ತಪ್ಪು ಕಂಬಳದ ಕೋಣದ್ದು. ‘ನಮ್ಮ ಕೋಣಗಳ ಪ್ರಾಚೀನ ಡಿಎನ್‌ಎ ಹತ್ತು ಸಾವಿರ ವರ್ಷ ಹಳೆಯದೆಂದು ಸಾಬೀತಾಗಿದೆ’ ಎಂದಿದ್ದೀರಿ. ಯಾರು ಸಾಬೀತು ಮಾಡಿದರು, ಯಾವ ಎಲುಬಿನಿಂದ? ಇವತ್ತು ಹಟ್ಟಿಯಲ್ಲಿ ನಿಂತಿರುವ ಕೋಣದ ರಕ್ತದಿಂದ ತೆಗೆದದ್ದು ಪ್ರಾಚೀನ ಡಿಎನ್‌ಎ ಅಲ್ಲ. ಹಳೆಯ ಎಲುಬು, ಹಲ್ಲು, ತೊಗಲು ಇಂಥವುಗಳಲ್ಲಿ ಉಳಿದ ಚೂರುಗಳಿಗೆ ಮಾತ್ರ ಆ ಹೆಸರು. ಬದುಕಿರುವ ಪ್ರಾಣಿ ಯಾರ ಯಾರ ಸಂತಾನ ಎಂದು ರಕ್ತ ಹೇಳೀತು. ಆ ಬೆರಕೆ ಯಾವಾಗ ಆಯಿತು, ಯಾವ ಗುಣ ಯಾವ ಕಾಲಕ್ಕೆ ಹರಡಿತು ಎನ್ನುವಲ್ಲಿ ಅದು ಅಂದಾಜು ಮಾತ್ರ ಕೊಡುತ್ತದೆ. ಆ ಅಂದಾಜನ್ನು ಪರೀಕ್ಷಿಸಲು ಎಲುಬೇ ಬೇಕು. ನಿಮ್ಮ ಲೇಖನದಲ್ಲಿ ಈ ಎರಡೂ ಒಂದೇ ಪಾತ್ರೆಯಲ್ಲಿ ಕಲಸಿಹೋಗಿವೆ. (ಇದೇ ತಪ್ಪಿರುವ ಬರಹವೊಂದನ್ನು ನಾನೇ ಹಿಂದೊಮ್ಮೆ ಅಚ್ಚಿಗೆ ಬಿಟ್ಟು ಓದುಗರಿಂದ ಬೈಸಿಕೊಂಡಿದ್ದೇನೆ. ಹಾಗಾಗಿ ಈ ಸಿಡುಕು.)

ಇಷ್ಟಕ್ಕೂ ನಮ್ಮೂರಿನ ನೆಲದಲ್ಲಿ ಎಲುಬು ಉಳಿಯುವುದಾದರೂ ಹೇಗೆ? ಮುರಕಲ್ಲಿನ ಹುಳಿ ಮಣ್ಣು, ನಾಲ್ಕು ತಿಂಗಳ ಮಳೆ, ಉಳಿದ ತಿಂಗಳು ಸೆಕೆ. ಡಿಎನ್‌ಎಗೆ ಬೇಕಾದದ್ದು ತಂಪು ಮತ್ತು ಒಣ ಹವೆ. ಮಳೆ ಕಡಿಮೆಯಿರುವ ಹರಿಯಾಣದಲ್ಲಿರುವ, ಸಿಂಧೂ ನಾಗರಿಕತೆಯ ನೆಲೆಯಾದ ರಾಖಿಗಢಿಯ ಕಥೆಯನ್ನೇ ನೋಡಿ. ಅಲ್ಲಿನ ಅಸ್ಥಿಗಳಿಂದ ತೆಗೆದ 61 ಮಾದರಿಗಳನ್ನು ಪರೀಕ್ಷಿಸಿದರು. ಕಿವಿಯ ಒಳಭಾಗವನ್ನು ಕಾಯುವ, ದೇಹದಲ್ಲೇ ಅತಿ ಗಟ್ಟಿಯಾದ ಎಲುಬನ್ನೂ ಕೊರೆದು ನೋಡಿದರು. 2019ರಲ್ಲಿ ಪ್ರಕಟಿಸುವಷ್ಟು ಡಿಎನ್‌ಎ ಸಿಕ್ಕಿದ್ದು ಒಬ್ಬಳೇ ಹೆಂಗಸಿನದು. ಕೋಣದ ಬಗ್ಗೆ ಬರೆಯಲೇಬೇಕೆಂದರೆ ಮಣ್ಣು ಎಲುಬನ್ನು ತಿಂದುಹಾಕುವ ಈ ಸಂಗತಿಯನ್ನು ಬರೆಯಿರಿ. ಓದುಗರಿಗೆ ಇದು ಗೊತ್ತಿರುವುದಿಲ್ಲ.

ಸಿಕ್ಕ ಚೂರು ಹಳೆಯದೇ, ಪ್ರಯೋಗಾಲಯದಲ್ಲಿ ಯಾರದೋ ಕೈಯಿಂದ ಅಂಟಿದ್ದೇ ಎಂದು ತಿಳಿಯುವ ಬಗೆಯನ್ನೂ ನೀವು ಹಾರಿಸಿದ್ದೀರಿ. ಹಳೆಯ ಡಿಎನ್‌ಎ ಗೆದ್ದಲು ತಿಂದ ತಾಳೆಗರಿಯ ಹಾಗೆ, ಅಂಚುಗಳಲ್ಲೇ ಹೆಚ್ಚು ಕೆಟ್ಟಿರುತ್ತದೆ. ತುಣುಕಿನ ತುದಿಗಳಲ್ಲಿ, ಡಿಎನ್‌ಎಯ ನಾಲ್ಕು ರಾಸಾಯನಿಕ ಅಕ್ಷರಗಳಲ್ಲಿ ಒಂದಾದ ‘ಸಿ’ ಶಿಥಿಲವಾಗಿ ‘ಟಿ’ ಎಂದು ಓದಿಸಿಕೊಳ್ಳುತ್ತದೆ. ಅಂಚು ಹಾಳಾಗದೆ ತುಣುಕುಗಳೆಲ್ಲ ಉದ್ದುದ್ದ ಬಂದರೆ ಅನುಮಾನ ಪಡಬೇಕು. ತಾಳೆಗರಿಯ ಹೋಲಿಕೆ ನನ್ನದು, ಬೇಕಿದ್ದರೆ ಇಟ್ಟುಕೊಳ್ಳಿ.

ದನಗಳ ಭಾಗವನ್ನು ಉಳಿಸಿಕೊಳ್ಳಿ, ಆದರೆ ಅಂಕಿಗಳ ಹಿಂದೆ ನಡೆದುಹೋಗುತ್ತಿರುವ ಹೋರಿಯನ್ನು ಕಾಣಿಸಿ. ನೀವು ಹೇಳುವ 2019ರ ದನಗಳ ಅಧ್ಯಯನದಲ್ಲಿ 67 ಪ್ರಾಚೀನ ದನಗಳು. ಸುಮಾರು 4,200 ವರ್ಷಗಳ ಹಿಂದಿನಿಂದ ಪಶ್ಚಿಮ ಏಷ್ಯಾದ ದನಗಳಲ್ಲಿ ಸಿಂಧೂ ಕಡೆಯ ಡುಬ್ಬದ ತಳಿಯ ಅಂಶ ಇದ್ದಕ್ಕಿದ್ದಂತೆ ಕಾಣಿಸುತ್ತದೆ. ಆದರೆ ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯ ಡಿಎನ್‌ಎ ಹೆಚ್ಚಿನಂಶ ಪಶ್ಚಿಮ ಏಷ್ಯಾದ್ದೇ. ಅಂದರೆ ಹೊರಟದ್ದು ಹೋರಿಗಳು. ಅದೇ ಹೊತ್ತಿಗೆ ಅಲ್ಲಿ ದೊಡ್ಡ ಬರ. ಬರ ತಡೆಯುವ ತಳಿಗಾಗಿ ಜನರೇ ಹೋರಿ ತರಿಸಿಕೊಂಡಿರಬೇಕೆಂದು ಸಂಶೋಧಕರು ಊಹಿಸುತ್ತಾರೆ. ನೀವು ಇದನ್ನೆಲ್ಲ ಒಂದು ವಾಕ್ಯದಲ್ಲಿ ಮುಗಿಸಿ ‘ಹೀಗೆ ದನಗಳ ಇತಿಹಾಸ ರೋಚಕವಾಗಿದೆ’ ಎಂದಿದ್ದೀರಿ. ರೋಚಕ ಎಂಬ ಮಾತನ್ನು ಓದುಗರೇ ಹೇಳಲಿ.

ಈಗ ಆರನೆಯ ಪುಟ. ಹೆಬ್ರಿಯ ಅಜ್ಜಿಮನೆಯ ಹಿತ್ತಿಲು. ಅಜ್ಜಿ ಹುಂಜವನ್ನು ಬಿಸಿನೀರಿನಲ್ಲಿ ಅದ್ದಿ ಪುಕ್ಕ ಕೀಳುತ್ತಾರೆ, ಕಾಲು ಹಿಡಿದುಕೊಳ್ಳಲು ನಿಮಗೆ ಹೇಳುತ್ತಾರೆ. ‘ಅರಶಿನ ಹಚ್ಚುವ ಮೊದಲೇ ಆ ಕಾಲುಗಳು ಹಳದಿಯಾಗಿದ್ದವು’ ಎಂದು ಬರೆದು ಮುಂದಿನ ಸಾಲಿನಲ್ಲೇ ಮಂಗೋಲಿಯಾಕ್ಕೆ ಹೋಗಿಬಿಟ್ಟಿದ್ದೀರಿ! ನಿಮ್ಮ ಲೇಖನ ಇರುವುದೇ ಆ ಕಾಲಿನಲ್ಲಿ.

ಸಾಕುಕೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿ. 863 ಹಕ್ಕಿಗಳ ಜೀನೋಮ್ (ಇಡೀ ಡಿಎನ್‌ಎ) ನೋಡಿದ 2020ರ ಅಧ್ಯಯನ ನೈರುತ್ಯ ಚೀನಾ, ಉತ್ತರ ಥಾಯ್ಲೆಂಡ್, ಮ್ಯಾನ್ಮಾರ್ ಕಡೆಯ ಉಪಜಾತಿಯತ್ತ ಬೆರಳು ತೋರಿಸುತ್ತದೆ. ಆದರೆ ಕಾಲಿನ ಆ ಹಳದಿ ಕೆಂಪು ಕೋಳಿಯದಲ್ಲ. ಮೇವಿನಲ್ಲಿರುವ ಹಳದಿ ಬಣ್ಣವನ್ನು ಚರ್ಮದಲ್ಲಿ ಒಡೆಯುವ ಕಿಣ್ವವೊಂದಿದೆ. ಅದರ ಜೀನ್ ಅಲ್ಲಿ ಕೆಲಸ ನಿಲ್ಲಿಸಿದರೆ ಬಣ್ಣ ಹಾಗೇ ಉಳಿಯುತ್ತದೆ. ಆ ರೂಪದ ಜೀನ್ ಬಹುಮಟ್ಟಿಗೆ ಬೂದು ಕಾಡುಕೋಳಿಯಿಂದ ಬಂದದ್ದೆಂದು 2008ರಲ್ಲಿ ಸ್ವೀಡನ್ನಿನ ಉಪ್ಸಲದ ಸಂಶೋಧಕರು ತೋರಿಸಿದರು. ಬೂದು ಕಾಡುಕೋಳಿ ಎಲ್ಲಿಯದು? ನಿಮ್ಮ ಅಜ್ಜಿಮನೆಯ ಹಿಂದಿನ ಘಟ್ಟದ ಕಾಡಿನಲ್ಲಿ ಬೆಳಗ್ಗೆ ಕೂಗುವುದು ಅದೇ.

ಇಷ್ಟು ರಕ್ತದ ಸಾಕ್ಷಿ. ಹಳದಿ ಚರ್ಮ ಕೋಳಿ ಸಾಕಿದ ಆರಂಭದಿಂದಲೇ ಜನ ಆರಿಸಿಕೊಂಡ ಗುಣವಿರಬೇಕು ಎಂದು ಭಾವಿಸಲು ಅಡ್ಡಿಯಿರಲಿಲ್ಲ. 2014ರಲ್ಲಿ ಯುರೋಪಿನ ಹಳೆಯ ಕೋಳಿ ಎಲುಬುಗಳ ಡಿಎನ್‌ಎ ಓದಿದಾಗ ಲೆಕ್ಕ ತಲೆಕೆಳಗಾಯಿತು. ಹಳದಿ ಕೊಡುವ ಆ ರೂಪದ ಜೀನ್ ಅಲ್ಲಿ ಅಪರೂಪವಾಗಿತ್ತು. ಅದು ಎಲ್ಲೆಡೆ ಹರಡಿದ್ದು ಕಳೆದ ಕೆಲವು ಶತಮಾನಗಳಲ್ಲಷ್ಟೇ. ರಕ್ತಕ್ಕೂ ಎಲುಬಿಗೂ ಇರುವ ಅಂತರವನ್ನು ಹೇಳಲು ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಹುಡುಕುತ್ತೀರಿ? ಅದೂ ಕೋಳಿ ಅಂಕಕ್ಕೆ ಹುಂಜದ ಬಣ್ಣ ನೋಡಿ ಹೆಸರಿಡುವ ಊರಿನಲ್ಲಿ ಕುಳಿತು!

ಹಿತ್ತಿಲಿನಿಂದ ಶುರು ಮಾಡಿ, 900 ಪದ ಮೀರದಂತೆ ಮತ್ತೆ ಬರೆಯಿರಿ. ಅದಕ್ಕೆ ಮೊದಲು ಹೆಬ್ರಿಗೆ ಒಮ್ಮೆ ಹೋಗಿ ಬನ್ನಿ. ಅದೇ ಗೂಡಿನ ಬೇರೆ ಕೋಳಿಗಳ ಕಾಲು ಯಾವ ಬಣ್ಣದವು? ಕಾಡುಹುಂಜ ಅಂಗಳಕ್ಕೆ ಇಳಿದು ಬಂದದ್ದನ್ನು ಅಜ್ಜಿ ಕಂಡಿದ್ದಾರೆಯೇ? ಕೇಳಿ, ಅವರು ಹೇಳಿದ ಹಾಗೇ ಬರೆದುಕೊಳ್ಳಿ, ತಿದ್ದಬೇಡಿ. ಚಿತ್ರ ಕಳುಹಿಸುವುದಾದರೆ ಇಡೀ ಕೋಳಿಯದು ಬೇಡ, ಕಾಲಿನದು ಸಾಕು.

ಇತಿ,
ಸಂಪಾದಕ