ಓದುಗರ ಪ್ರಶ್ನೆ: ಹೆಗಲಿಗೆ ಒಗ್ಗುವ ತೋಟಾ ಯಾವುದು?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ರೈಫಲ್ ತೋಟಾದ ಬಗ್ಗೆಯೇ ಇವೆ. ಬೇಟೆಯ ಮಾತು ಬಂದಾಗಲೆಲ್ಲ ಅದು ಹೊರದೇಶದ ಮಾತು, ಅಲ್ಲಿ ಲೈಸೆನ್ಸ್ ತೆಗೆದುಕೊಂಡು ಬೇಟೆಗೆ ಹೋಗುವ ಓದುಗರಿಗೆ ಬರೆದದ್ದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಶಿಕಾರಿ ಮುಗಿದ ಕತೆ. ಮಡಿಕೇರಿಯ ಓದುಗರು ಬೇಜಾರು ಮಾಡಿಕೊಳ್ಳಬೇಡಿ, ನಿಮಗೂ ಕೆಳಗೆ ಉತ್ತರ ಇದೆ.

ಪ್ರಶ್ನೆ: ಡೆನ್ವರ್‌ನಲ್ಲಿದ್ದೇನೆ. ಗೆಳೆಯರೊಬ್ಬರ .300 ವಿನ್‌ಚೆಸ್ಟರ್ ಮ್ಯಾಗ್ನಮ್‌ನಲ್ಲಿ ಹೊಡೆದು ನೋಡಿದೆ, ಹೆಗಲು ನೀಲಿಗಟ್ಟಿತು. ಈಗ ಯಾವ ರೈಫಲ್ ಹಿಡಿದರೂ ಟ್ರಿಗರ್ ಒತ್ತುವ ಮುಂಚೆಯೇ ಕಣ್ಣು ಮುಚ್ಚಿಹೋಗುತ್ತದೆ. ಜಿಂಕೆ, ಅದೃಷ್ಟ ಇದ್ದರೆ ಎಲ್ಕ್ (ಅಲ್ಲಿಯ ದೊಡ್ಡ ಜಾತಿಯ ಜಿಂಕೆ), ಉಳಿದ ದಿನ ರೇಂಜ್‌ನಲ್ಲಿ ಕಾಗದದ ಗುರಿ. ಎಲ್ಲಕ್ಕೂ ಒಂದೇ ರೈಫಲ್ ಬೇಕು. ಅಂಗಡಿಯವರು .30-06 ತಗೊಳ್ಳಿ ಅನ್ನುತ್ತಾರೆ.

ಅಂಗಡಿಯವರು ಹೇಳಿದ್ದು ತಪ್ಪಲ್ಲ, ಆದರೆ ನಿಮಗೆ ಹೇಳಿದ್ದಲ್ಲ. .30-06 ಒಳ್ಳೆಯ ತೋಟಾ, 1906ರಿಂದ ನಡೆದುಕೊಂಡು ಬಂದಿದೆ. ಆದರೆ ಈಗಾಗಲೇ ಬೆಚ್ಚುವ ಅಭ್ಯಾಸ ಹತ್ತಿಸಿಕೊಂಡವರಿಗೆ ಅದರ ಒದೆತ, ಅಂದರೆ ಗುಂಡು ಹೊರಟಾಗ ಹೆಗಲಿಗೆ ಬೀಳುವ ಹೊಡೆತ, ಜಾಸ್ತಿಯೇ. ಲೆಕ್ಕ ನೋಡಿ. ಎಂಟು ಪೌಂಡ್ ತೂಕದ ರೈಫಲ್‌ನಲ್ಲಿ .30-06 ಸುಮಾರು 20 ಅಡಿ-ಪೌಂಡ್ (ಶಕ್ತಿಯ ಅಳತೆ) ಒದೆಯುತ್ತದೆ. .308 ಆದರೆ 16ರ ಆಸುಪಾಸು. ನಿಮ್ಮ ಗೆಳೆಯರ .300 ಮ್ಯಾಗ್ನಮ್ 26 ದಾಟುತ್ತದೆ. 6.5×55 ಸ್ವೀಡಿಷ್ ಮತ್ತು 7×57 ಮೌಸರ್ ಎರಡೂ 12-13ರಲ್ಲಿ ನಿಲ್ಲುತ್ತವೆ (ಹೆಸರಿನ ಮೊದಲ ಅಂಕಿ ಗುಂಡಿನ ದಪ್ಪ, ಎರಡನೆಯದು ತೋಟಾದ ಕೊಳವೆಯ ಉದ್ದ, ಸುಮಾರಾಗಿ ಮಿಲಿಮೀಟರ್ ಲೆಕ್ಕದಲ್ಲಿ). ಸಾಮಾನ್ಯವಾಗಿ 15ರ ಒಳಗಿದ್ದರೆ ಮಾಮೂಲಿ ಮನುಷ್ಯ ಒಂದು ಡಬ್ಬಿ ತೋಟಾ ಮುಗಿಸಿಯೂ ಮುಖ ಸಿಂಡರಿಸದೆ ಮನೆಗೆ ಹೋಗಬಹುದು. ಗುಂಡಿನ ತೂಕ, ಮದ್ದಿನ ಅಳತೆ ಬದಲಾದ ಹಾಗೆ ಈ ಅಂಕಿಗಳೂ ಆಚೀಚೆ ಆಗುತ್ತವೆ, ಅಂದಾಜು ಅಂತಲೇ ಇಟ್ಟುಕೊಳ್ಳಿ.

ನನ್ನ ಓಟು 6.5×55ಕ್ಕೆ. ಸ್ವೀಡನ್ ಮತ್ತು ನಾರ್ವೆ ಒಂದೇ ರಾಜನ ಕೆಳಗಿದ್ದ ಕಾಲದಲ್ಲಿ ಎರಡೂ ದೇಶ ಸೇರಿ ಮಾಡಿದ ತೋಟಾ ಇದು. 1894ರಲ್ಲಿ ಸೈನ್ಯಕ್ಕೆ ಬಂತು, ಸ್ವೀಡನ್ ಮೌಸರ್ ರೈಫಲ್‌ನಲ್ಲಿ ಹಾಕಿತು, ನಾರ್ವೆ ಕ್ರಾಗ್-ಯೋರ್ಗೆನ್ಸನ್‌ನಲ್ಲಿ. ಗುಂಡು ಸಣ್ಣ, ಆದರೆ ಉದ್ದ. ಸಣ್ಣ ಮೈಗೆ ಜಾಸ್ತಿ ತೂಕ ಇರುವುದರಿಂದ ಗಾಳಿಯಲ್ಲಿ ವೇಗ ಬೇಗ ಕಳೆದುಕೊಳ್ಳುವುದಿಲ್ಲ, ಪ್ರಾಣಿಯ ಮೈಯಲ್ಲೂ ಆಳಕ್ಕೆ ಇಳಿಯುತ್ತದೆ. ಬೇಟೆಗೂ ಗುರಿಗೂ ಒಂದೇ ತೋಟಾ ಹೊಂದುವುದರ ಗುಟ್ಟು ಇಷ್ಟೇ. 140 ಗ್ರೇನ್ (ಸುಮಾರು 9 ಗ್ರಾಂ) ಗುಂಡು ಸೆಕೆಂಡಿಗೆ 2700 ಅಡಿ ಹತ್ತಿರದ ವೇಗದಲ್ಲಿ ಹೊರಡುತ್ತದೆ. 200 ಗಜಕ್ಕೆ ಗುರಿ ಕೂಡಿಸಿಟ್ಟರೆ 300 ಗಜದಲ್ಲಿ ಏಳೆಂಟು ಇಂಚು ಕೆಳಗೆ ಬೀಳುತ್ತದೆ, ಅದನ್ನು ಕಲಿಯುವುದು ಕಷ್ಟವಲ್ಲ.

ಎಲ್ಕ್‌ಗೆ ಸಾಕಾ ಅಂತ ನಿಮ್ಮ ಅನುಮಾನ ಇರಬಹುದು. ನಿಮ್ಮ ಡೆನ್ವರ್ ಇರುವ ಕೊಲೊರಾಡೊ ರಾಜ್ಯದ ನಿಯಮದ ಪ್ರಕಾರ ಎಲ್ಕ್‌ಗೆ ಕನಿಷ್ಠ .24 ಕ್ಯಾಲಿಬರ್ (ಇಂಚಿನ ಲೆಕ್ಕದಲ್ಲಿ ಗುಂಡಿನ ದಪ್ಪ), 85 ಗ್ರೇನ್ ತೂಕದ, ಮೈಗೆ ಹೊಕ್ಕ ಮೇಲೆ ಅರಳುವ ಗುಂಡು, 100 ಗಜದಲ್ಲಿ 1000 ಅಡಿ-ಪೌಂಡ್ ಶಕ್ತಿ ಬೇಕು. 6.5×55 ಇದನ್ನೆಲ್ಲ ಆರಾಮಾಗಿ ದಾಟುತ್ತದೆ. ಆದರೂ ಎಲ್ಕ್ ದೊಡ್ಡ ಪ್ರಾಣಿ, 250 ಗಜದ ಆಚೆ ಇದ್ದರೆ ಸುಮ್ನೆ ನೋಡಿಕೊಂಡು ನಿಲ್ಲಿ ಅಂತ ನಾನು ಹೇಳುತ್ತೇನೆ. ಅರಳಿದರೂ ಚೂರಾಗದ ಗಟ್ಟಿ ಗುಂಡು ಹಾಕಿ, ಪಕ್ಕಕ್ಕೆ ತಿರುಗಿ ನಿಂತಾಗ ಮುಂಗಾಲಿನ ಹಿಂದೆ ಶ್ವಾಸಕೋಶಕ್ಕೆ ಹೊಡೆಯಿರಿ. ಹೊಟ್ಟೆಗೆ ಬಿದ್ದ ಮ್ಯಾಗ್ನಮ್ ಗುಂಡಿಗಿಂತ ಶ್ವಾಸಕೋಶಕ್ಕೆ ಬಿದ್ದ 6.5 ಸಾವಿರ ಪಾಲು ಮೇಲು. ಕಣ್ಣು ಮುಚ್ಚಿ ಹೊಡೆಯುವವರ ಗುಂಡು ಹೋಗುವುದೇ ಹೊಟ್ಟೆಗೆ.

ಇನ್ನೊಂದು ಮಾತು, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನೀವು ಎಚ್-1ಬಿ ವೀಸಾದಲ್ಲಿದ್ದರೆ ಅಮೆರಿಕದ ಕೇಂದ್ರ ಕಾನೂನು ನಿಮಗೆ ಬಂದೂಕಿರಲಿ, ತೋಟಾ ಇಟ್ಟುಕೊಳ್ಳುವುದಕ್ಕೂ ಬಿಡುವುದಿಲ್ಲ. ಅಲ್ಲಿಯ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ಅದಕ್ಕೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಲೆನೋವಿಲ್ಲ. ಗೆಳೆಯರ ರೈಫಲ್ ಅಂತ ಸಲೀಸಾಗಿ ಕೈಗೆ ತೆಗೆದುಕೊಳ್ಳುವ ಮುಂಚೆ ಯಾರಾದರೂ ವಕೀಲರನ್ನು ಕೇಳಿ. ಕೊಲೊರಾಡೊದಲ್ಲಿ ಲೈಸೆನ್ಸ್ ಬೇಕಾದರೆ ಮೊದಲು ಬೇಟೆ ತರಬೇತಿ ಮುಗಿಸಬೇಕು ಅನ್ನೋದೂ ನೆನಪಿರಲಿ.

ಪ್ರಶ್ನೆ: 6.5×55 ಹಳೇದು, ಅದರ ಕೆಲಸವನ್ನೇ 6.5 ಕ್ರೀಡ್‌ಮೂರ್ ಮಾಡುತ್ತೆ ಅಂತಾರೆ. ನಿಜವಾ?

ನಿಜ. 2007ರಲ್ಲಿ ಹಾರ್ನಡಿ ಕಂಪನಿ ಅದನ್ನು ಗುರಿ ಸ್ಪರ್ಧೆಗೆ ಅಂತ ತಂದಿತು. ತೋಟಾ ಗಿಡ್ಡ, ಗಿಡ್ಡ ಬೋಲ್ಟ್‌ನ (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಬಿಗಿಯುವ ಅಗುಳಿ) ರೈಫಲ್‌ಗೆ ಹೊಂದುತ್ತದೆ. ಗುಂಡು ಅದೇ ದಪ್ಪ, ವೇಗವೂ ಹೆಚ್ಚುಕಡಿಮೆ ಅದೇ. ಜಿಂಕೆಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಮೆರಿಕದಲ್ಲಿ ಅಂಗಡಿಯ ತೋಟಾವನ್ನೇ ನಂಬಿಕೊಂಡವರು ಕ್ರೀಡ್‌ಮೂರ್ ತಗೊಂಡರೆ ಜಾಣತನ, ಎಲ್ಲ ಕಡೆ ಸಿಗುತ್ತದೆ. ಮನೆಯಲ್ಲೇ ತೋಟಾ ತುಂಬಿಕೊಳ್ಳುವವರು, ಯುರೋಪಿನಲ್ಲಿರುವವರು ಸ್ವೀಡಿಷ್ ತಗೊಳ್ಳಲಿ. ಹಳೆಯದರ ಮೇಲಿನ ಪ್ರೀತಿಗೆ ತಗೊಂಡರೂ ನಾನು ನಗುವುದಿಲ್ಲ.

ಒಂದು ವಿಷಯ ಮಾತ್ರ ಗೊತ್ತಿರಲಿ. ನೂರು ವರ್ಷದ ಹಳೆಯ ರೈಫಲ್‌ಗಳು ಇನ್ನೂ ಬಳಕೆಯಲ್ಲಿವೆ ಅನ್ನುವ ಭಯಕ್ಕೆ ಅಮೆರಿಕದ ಕಾರ್ಖಾನೆಗಳು 6.5×55, 7×57 ಎರಡನ್ನೂ ಬೇಕಂತಲೇ ಸಪ್ಪೆ ಮಾಡಿ ತುಂಬುತ್ತವೆ. ಅಲ್ಲಿ 7×57ರ ಒತ್ತಡದ ಮಿತಿ 51,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಯುರೋಪಿನಲ್ಲಿ 3900 ಬಾರ್, ಅಂದರೆ 56,000 ಪಿಎಸ್‌ಐಗೂ ಮೇಲೆ. ಹಾಗಾಗಿ ಪುಸ್ತಕದ ಅಂಕಿ ನೋಡಿ "ಅಯ್ಯೋ ಇಷ್ಟೇನಾ" ಅನ್ನಬೇಡಿ, ಡಬ್ಬಿ ಯಾವ ದೇಶದ್ದು ನೋಡಿ. ಅದೇ ಕಾರಣಕ್ಕೆ ಯುರೋಪಿನ ಜೋರು ಒತ್ತಡದ ತೋಟಾವನ್ನು ಹಳೆಯ ಕ್ರಾಗ್-ಯೋರ್ಗೆನ್ಸನ್‌ಗೆ ಹಾಕಬೇಡಿ. ಅದರ ಬೋಲ್ಟ್ ಮುಂದುಗಡೆ ಒಂದೇ ಕೊಂಡಿಯ ಮೇಲೆ ನಿಂತಿದೆ.

ಪ್ರಶ್ನೆ: ಗೋಥೆನ್‌ಬರ್ಗ್‌ನಲ್ಲಿದ್ದೇವೆ. ಗಂಡ ಹೆಂಡತಿ ಇಬ್ಬರೂ ಬೇಟೆ ಪರೀಕ್ಷೆಗೆ ಓದುತ್ತಿದ್ದೇವೆ. ಮೂಸ್‌ಗೆ (ಇಲ್ಲಿಯ ಭಾರಿ ಗಾತ್ರದ ಜಿಂಕೆ) 6.5 ಸಾಲದು, .308 ತಗೊಳ್ಳಿ ಅಂತ ತಂಡದ ಹಿರಿಯರೊಬ್ಬರು ಹೇಳಿದರು.

ಸ್ವೀಡನ್‌ನಲ್ಲಿ ಕೂತು ಈ ಮಾತು ಹೇಳಿದರಾ! ತಲೆಮಾರುಗಟ್ಟಲೆ ಅಲ್ಲಿ ಮೂಸ್ ಬಿದ್ದದ್ದೇ ಈ ತೋಟಾಕ್ಕೆ. ಆದರೆ ಅವರ ಮಾತಿನಲ್ಲಿ ಒಂದು ಎಳೆ ನಿಜ ಇದೆ. ಅಲ್ಲಿ ಮೂಸ್‌ಗೆ ಒಂದನೇ ವರ್ಗದ ತೋಟಾನೇ ಬೇಕು. ಅದಕ್ಕೆ ಎರಡು ದಾರಿ: ಗುಂಡು 9 ಗ್ರಾಂ ಇದ್ದರೆ 100 ಮೀಟರ್‌ನಲ್ಲಿ 2700 ಜೂಲ್ ಇರಬೇಕು, 10 ಗ್ರಾಂ ಇದ್ದರೆ 2000 ಜೂಲ್ ಸಾಕು. 140 ಗ್ರೇನ್ ಅಂದರೆ 9 ಗ್ರಾಂ, ಈ ತೂಕದ ಎಷ್ಟೋ 6.5 ತೋಟಾಗಳು 2700ಕ್ಕೆ ಸ್ವಲ್ಪದರಲ್ಲೇ ಮುಟ್ಟುವುದಿಲ್ಲ. 156 ಗ್ರೇನ್ ಅಂದರೆ 10.1 ಗ್ರಾಂ, ಅದು ಎರಡನೇ ದಾರಿಯಲ್ಲಿ ಸಲೀಸಾಗಿ ಪಾಸು. ಆದ್ದರಿಂದ ಮೂಸ್‌ಗೆ 156, ರೇಂಜ್‌ಗೆ ಹಗುರದ್ದು. ತಾಮ್ರದ ಗುಂಡು ಬೇಕು ಅನ್ನುವವರು ಡಬ್ಬಿಯ ಮೇಲಿನ ಅಂಕಿ ಎರಡು ಸಲ ಓದಬೇಕು. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ತೀರಾ ಉದ್ದವಾಗುತ್ತದೆ, ಅದಕ್ಕೇ 6.5ರಲ್ಲಿ 10 ಗ್ರಾಂ ಮುಟ್ಟುವುದು ಕಷ್ಟ.

ಅಲ್ಲಿಯ ಕಾಡಿನಲ್ಲಿ ನಾಯಿ ಮೂಸ್ ಅನ್ನು ಎಬ್ಬಿಸಿಕೊಂಡು ಬರುವಾಗ ದೂರ ನೂರು ಮೀಟರ್ ಒಳಗೇ ಇರುತ್ತದೆ. ನಿಮ್ಮ ಪರೀಕ್ಷೆಯಲ್ಲೂ ಓಡುವ ಮೂಸ್ ಚಿತ್ರ 80 ಮೀಟರ್‌ನಲ್ಲಿ, ಅಲ್ವಾ? ಅಲ್ಲಿ ಬೇಕಾದದ್ದು ಬೇಗ ಎರಡನೇ ಈಡು ಹಾಕುವ ತಾಕತ್ತು. ಒದೆತ ಕಡಿಮೆ ಇದ್ದರೆ ನಳಿಗೆಯ ಮೂತಿ ಮೇಲಕ್ಕೆ ಹಾರುವುದಿಲ್ಲ, ಪ್ರಾಣಿ ದುರ್ಬೀನಿನಲ್ಲೇ ಇರುತ್ತದೆ. ಇಬ್ಬರೂ ಒಂದೇ ರೈಫಲ್‌ನಲ್ಲಿ ಕಲಿಯುತ್ತಿದ್ದರೆ ಹೆಗಲಿಗೆ ಆನಿಸುವ ಹಿಡಿಯ ಉದ್ದವನ್ನು, ಇಬ್ಬರಲ್ಲಿ ಗಿಡ್ಡ ಇರುವವರ ಕೈಗೆ ಹೊಂದಿಸಿ. ಉದ್ದ ಇದ್ದವರು ಗಿಡ್ಡ ಹಿಡಿಗೆ ಒಗ್ಗಿಕೊಳ್ಳುತ್ತಾರೆ, ಉಲ್ಟಾ ಆಗುವುದಿಲ್ಲ. ಸೈಲೆನ್ಸರ್ ಅಲ್ಲಿ ಮಾಮೂಲಿ, ಹಾಕಿಸಿ. ಸದ್ದಿನ ಜೊತೆ ಒದೆತವೂ ಇಳಿಯುತ್ತದೆ.

ಪ್ರಶ್ನೆ: ಮಡಿಕೇರಿಯಿಂದ. ತಾತನ ಕಾಲದ .275 ರೈಫಲ್ ಮನೆಯಲ್ಲಿದೆ, ಜೊತೆಗೆ ಹಳೆಯ ತೋಟಾ ಒಂದಿಷ್ಟು. ಬೇಟೆಗಾರ ಜಿಮ್ ಕಾರ್ಬೆಟ್ ಹತ್ತಿರ ಇದ್ದದ್ದು ಇದೇನಾ? ಕೈಲ್‌ಪೊಳ್ದ್ (ನಮ್ಮ ಕೊಡವರ ಆಯುಧ ಪೂಜೆ ಹಬ್ಬ) ಸ್ಪರ್ಧೆಯಲ್ಲಿ ಹೊಡೆಯಬಹುದಾ?

ರಿಗ್ಬಿ ಕಂಪನಿ .275 ಅಂತ ಕರೆದದ್ದು 7×57 ಮೌಸರ್ ಅನ್ನೇ. ಜಿಮ್ ಕಾರ್ಬೆಟ್ ಅವರ ರಿಗ್ಬಿ ಅದೇ ತೋಟಾದ್ದು. ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದದ್ದಕ್ಕೆ ಸಂಯುಕ್ತ ಪ್ರಾಂತ್ಯದ ಲೆಫ್ಟಿನೆಂಟ್ ಗವರ್ನರ್ ಕೊಟ್ಟ ಉಡುಗೊರೆ ಅದು. ಬಹಳ ಜನ ಆ ಹುಲಿ ಸತ್ತದ್ದೇ ಈ ರೈಫಲ್‌ಗೆ ಅಂದುಕೊಂಡಿದ್ದಾರೆ. ಹುಲಿ ಸತ್ತ ಮೇಲೆ ತಾನೇ ಬಹುಮಾನ ಬರೋದು?

ನಿಮ್ಮ ನಳಿಗೆಯ ಮೇಲೆ ಏನು ಕೊರೆದಿದೆ ಅಂತ ಮೊದಲು ಓದಿ. ಅಂದಾಜಿನ ಮೇಲೆ ಯಾವುದೇ ತೋಟಾ ಹಾಕಬೇಡಿ. ತಾತನ ತೋಟಾಗಳನ್ನು ಹೊಡೆಯಲೇಬೇಡಿ. ಹಿತ್ತಾಳೆ ಹಸಿರುಗಟ್ಟಿದ್ದರೆ, ಕುತ್ತಿಗೆಯಲ್ಲಿ ಕೂದಲೆಳೆ ಬಿರುಕಿದ್ದರೆ ಕತೆ ಮುಗಿಯಿತು. ಮದ್ದಿಗೆ ಕಿಡಿ ಹೊತ್ತಿಸುವ ಅಷ್ಟು ಹಳೆಯ ಕ್ಯಾಪ್‌ಗಳಲ್ಲಿದ್ದ ಉಪ್ಪು ನಳಿಗೆಯನ್ನೂ ತಿನ್ನುತ್ತದೆ. ಲೈಸೆನ್ಸ್ ಇರುವ ಕೋವಿ ರಿಪೇರಿಯವರ ಹತ್ತಿರ ಒಯ್ದು ನಳಿಗೆಯಲ್ಲಿ ತೋಟಾ ಕೂರುವ ಕೋಣೆಯ ಅಳತೆ ತೆಗೆಸಿ, ಬೋಲ್ಟ್ ಕೊಂಡಿಗಳನ್ನು ತೋರಿಸಿ. ಆಮೇಲೆ ಹೊಸ ತೋಟಾದ ಮಾತು.

ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೆ ಕೋವಿ ಲೈಸೆನ್ಸ್‌ನಿಂದ ಇರುವ ವಿನಾಯಿತಿ 2029ರ ಅಕ್ಟೋಬರ್‌ವರೆಗೆ ಮುಂದುವರಿದಿದೆ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಸಿಕ್ಕ ವಿನಾಯಿತಿ, ಕಾಡಿಗೆ ಹೋಗುವುದಕ್ಕಲ್ಲ. ಕೈಲ್‌ಪೊಳ್ದ್ ದಿನ ಪೂಜೆಗೆ ಇಡಿ, ಹೂ ಮುಡಿಸಿ. ತೆಂಗಿನಕಾಯಿಗೆ ಹೊಡೆಯುವ ಸ್ಪರ್ಧೆಗೆ ಮಾತ್ರ ನಡೆಸುವವರು ಯಾವ ಕೋವಿ ಬಿಡುತ್ತಾರೋ ಅದನ್ನೇ ಒಯ್ಯಿರಿ. 7×57 ಗುಂಡು ಕಾಯಿ ದಾಟಿ ಮೈಲಿಗಟ್ಟಲೆ ಹೋಗಬಲ್ಲದು, ಹಿಂದೆ ಗಟ್ಟಿ ಮಣ್ಣಿನ ದಿಬ್ಬ ಇಲ್ಲದ ಕಡೆ ಅದನ್ನು ಹೊಡೆಯುವುದು ಹುಚ್ಚು.

ಪ್ರಶ್ನೆ: 7×57ರಲ್ಲಿ ಆನೆ ಹೊಡೆದಿದ್ದಾರಂತೆ. ಹಾಗಾದರೆ ದೊಡ್ಡ ತೋಟಾ ಯಾಕೆ ಬೇಕು?

ಆಫ್ರಿಕಾದಲ್ಲಿ ಬೇಟೆಗಾರ ಡಬ್ಲ್ಯು.ಡಿ.ಎಂ. ಬೆಲ್ ಹೊಡೆದದ್ದು ನಿಜ, ನೂರಾರು ಆನೆ. ಅವರು ಬಳಸಿದ್ದು ಅರಳದ ಗಟ್ಟಿ ಗುಂಡು. ಆನೆಯ ತಲೆಬುರುಡೆಯಲ್ಲಿ ಮಿದುಳು ಎಲ್ಲಿದೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನಿಮಗೂ ನನಗೂ ಗೊತ್ತಿಲ್ಲ. ಜಿಂಕೆ, ಹಂದಿಯ ಗಾತ್ರಕ್ಕೆ 7×57 ಹೇಳಿ ಮಾಡಿಸಿದ್ದು, ಅಲ್ಲಿಗೆ ನಿಲ್ಲಿಸಿ.

ಪ್ರಶ್ನೆ: ಮಗಳಿಗೆ 16 ವರ್ಷ, ಟೆಕ್ಸಾಸ್. .243 ಕೊಡಿಸಲಾ, 7 ಎಂಎಂ-08 ಕೊಡಿಸಲಾ?

ಜಿಂಕೆ ಮಾತ್ರ ಅಂದರೆ .243 ಸಾಕು, ಒದೆತ ಇನ್ನೂ ಕಡಿಮೆ. ಆದರೆ ಅದು ಹಗುರ ಗುಂಡನ್ನು ಜೋರಾಗಿ ಓಡಿಸುವ ತೋಟಾ, ರೇಂಜ್‌ನಲ್ಲಿ ಜಾಸ್ತಿ ಹೊಡೆದರೆ ನಳಿಗೆ ಬೇಗ ಸವೆಯುತ್ತದೆ, ಎಲುಬು ಅಡ್ಡ ಬಂದರೆ ತಪ್ಪಿಗೆ ಜಾಗವೂ ಕಡಿಮೆ. 7 ಎಂಎಂ-08 ಅಂದರೆ .308ರ ಕುತ್ತಿಗೆ ಸಣ್ಣ ಮಾಡಿದ್ದು, 1980ರಲ್ಲಿ ರೆಮಿಂಗ್ಟನ್ ತಂದದ್ದು. ಹಳೆಯ 7×57 ಮಾಡುವ ಕೆಲಸವನ್ನೇ ಗಿಡ್ಡ ರೈಫಲ್‌ನಲ್ಲಿ ಮಾಡುತ್ತದೆ. ನಾನಾದರೆ ಅದನ್ನೇ ಕೊಡಿಸುತ್ತೇನೆ. ಹಗುರ ಅಂತ ಆರು ಪೌಂಡ್‌ನ ಬೆಟ್ಟ ಹತ್ತುವ ರೈಫಲ್ ಮಾತ್ರ ಬೇಡ, ತೂಕ ಇಳಿದಷ್ಟೂ ಒದೆತ ಏರುತ್ತದೆ. ನಳಿಗೆ ತುದಿಗೆ ಮಜಲ್ ಬ್ರೇಕ್ (ಹೊಗೆಯನ್ನು ಪಕ್ಕಕ್ಕೆ ಬಿಡುವ ತೂತಿನ ಮೂತಿ) ಹಾಕಿದರೆ ಒದೆತ ತಗ್ಗುತ್ತದೆ, ಸದ್ದು ಕಿವಿ ಹರಿಯುವಷ್ಟಾಗುತ್ತದೆ, ಕಲಿಯುವವರಿಗೆ ಸದ್ದೇ ಅರ್ಧ ಭಯ. ಕಿವಿಯೊಳಗೆ ಬೆಣೆ, ಮೇಲೆ ಮಫ್, ಎರಡೂ ಇರಲಿ. ಮೊದಲ ಕೆಲವು ತಿಂಗಳು .22ರಲ್ಲೇ ಹೊಡೆಯಲಿ. ದೊಡ್ಡ ರೈಫಲ್ ಕೊಟ್ಟ ಮೇಲೂ ದಿನಕ್ಕೆ ಹತ್ತು ಹದಿನೈದು ಈಡಿಗೆ ನಿಲ್ಲಿಸಿ. ನಡುನಡುವೆ ಅವಳಿಗೆ ಗೊತ್ತಾಗದ ಹಾಗೆ ಒಂದು ಖಾಲಿ ಡಮ್ಮಿ ತೋಟಾ ತುಂಬಿ ಕೊಡಿ. ಟ್ರಿಗರ್ ಒತ್ತಿದಾಗ ನಳಿಗೆಯ ಮೂತಿ ಕೆಳಗೆ ಕುಕ್ಕಿದರೆ ಬೆಚ್ಚುತ್ತಿದ್ದಾಳೆ ಅಂತ ಅರ್ಥ, ಆ ದಿನ .22ಕ್ಕೆ ವಾಪಸ್.