ಟೆರಿಯರ್ ಮರಿ ಮಾಡಿಸುವಾಗ ಕೆಲಸದ ಗುಣ ಉಳಿಸಿಕೊಳ್ಳುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಇರುವುದು ಇಂಗ್ಲೆಂಡಿನಲ್ಲಿ, ಎರಡೂವರೆ ವರ್ಷದ ಜ್ಯಾಕ್ ರಸೆಲ್ (ಇಲಿ ಹಿಡಿಯಲು, ಬಿಲದೊಳಗೆ ನುಗ್ಗಿ ನರಿ ಹೊರಡಿಸಲು ಬೆಳೆಸಿದ ಸಣ್ಣ ಟೆರಿಯರ್ ನಾಯಿ) ಹೆಣ್ಣು ಸುತ್ತಲಿನ ಕೋಳಿ ಫಾರಂಗಳಲ್ಲಿ ಚೆನ್ನಾಗಿ ಇಲಿ ಹಿಡಿಯುತ್ತದೆ, ಶೋಗಳಲ್ಲಿ ಗೆದ್ದ ಗಂಡೊಂದು ಸಿಕ್ಕಿದೆ. ಅದರ ಜೊತೆ ಕ್ರಾಸ್ ಮಾಡಿಸಿದರೆ ತಾಯಿಯ ಕೆಲಸ ಮರಿಗಳಿಗೆ ಬರುತ್ತದೆಯೇ?

ಆ ಗಂಡು ಬೇಡ ಅನ್ನುತ್ತೇನೆ. ಶೋನಲ್ಲಿ ಗೆದ್ದದ್ದು ತಪ್ಪಲ್ಲ. ಅದು ಕೆಲಸ ಮಾಡಬಲ್ಲದೋ ಇಲ್ಲವೋ ಯಾರಿಗೂ ಗೊತ್ತಿಲ್ಲ ಅನ್ನುವುದು ತೊಂದರೆ. ಅದರ ಅಪ್ಪ, ಅಜ್ಜನನ್ನೂ ಯಾರೂ ಕೆಲಸಕ್ಕೆ ಬಿಟ್ಟಿಲ್ಲದಿದ್ದರೆ, ಮೂರು ತಲೆಮಾರಿನಿಂದ ಪರೀಕ್ಷೆಯೇ ಆಗದ ಗುಣವನ್ನು ನಂಬಿ ಮರಿ ಮಾಡಿಸಿದಂತೆ. "ರಕ್ತದಲ್ಲೇ ಇರುತ್ತೆ ಬಿಡಿ" ಅನ್ನುವವರು ಬಹಳ ಜನ. ಇರುತ್ತದೆ ನಿಜ, ಆದರೆ ಆರಿಸುವವರಿಲ್ಲದ ಗುಣ ಒಂದೊಂದು ಸೂಲಿಗೂ ಚದುರುತ್ತಾ ಹೋಗುತ್ತದೆ. ಒಂದು ಮರಿಯಲ್ಲಿ ಮೂಗು ಉಳಿದರೆ ಇನ್ನೊಂದರಲ್ಲಿ ಹಟ ಮಾತ್ರ ಉಳಿಯುತ್ತದೆ.

ಏಕೆಂದರೆ ಕೆಲಸದ ಗುಣ ಅನ್ನುವುದು ಒಂದೇ ಗುಣವಲ್ಲ. ಮೂಗು, ದನಿ, ಎದೆಗಾರಿಕೆ, ತಲೆ ಓಡಿಸುವ ಶಕ್ತಿ, ಮೈಕಟ್ಟು, ಕರೆದರೆ ಬರುವ ಸ್ವಭಾವ, ಇವೆಲ್ಲ ಬೇರೆಬೇರೆಯಾಗಿ ಬರುತ್ತವೆ, ಬೇರೆಬೇರೆಯಾಗಿಯೇ ಕಳೆದುಹೋಗುತ್ತವೆ. ದನಿಯನ್ನೇ ನೋಡಿ. ನೆಲದೊಳಗೆ ನರಿಯ ಎದುರು ನಿಂತ ನಾಯಿ ಒಂದೇ ಸಮನೆ ಬೊಗಳಬೇಕು. ಸುಮ್ಮನಿರುವ ನಾಯಿ ಎಲ್ಲಿದೆ ಎಂದು ತಿಳಿಯಲು ಲೊಕೇಟರ್ ಕಾಲರ್ (ನೆಲದೊಳಗೆ ನಾಯಿ ಇರುವ ಜಾಗ ತೋರಿಸುವ ಕೊರಳಪಟ್ಟಿ) ಒಂದೇ ದಿಕ್ಕು. ಖಾಲಿ ಬಿಲದಲ್ಲಿ ಬೊಗಳುವ ನಾಯಿ ಅದಕ್ಕಿಂತ ಕೆಟ್ಟದ್ದು, ಅರ್ಧ ದಿನ ಸುಮ್ಮನೆ ಅಗೆಸುತ್ತದೆ. ಇಲಿ ಕೆಲಸದಲ್ಲಿ ದನಿಗೆ ಅಷ್ಟು ಬೆಲೆಯಿಲ್ಲ, ಹಾಗಾಗಿ ನಿಮ್ಮ ಹೆಣ್ಣು ಫಾರಂನಲ್ಲಿ ಎಷ್ಟೇ ಚುರುಕಾಗಿದ್ದರೂ ಅದರ ದನಿಯ ಬಗ್ಗೆ ನಮಗೆ ಏನೂ ತಿಳಿದಂತಾಗಲಿಲ್ಲ. ಇಲಿಯಲ್ಲಿ ನೋಡಬೇಕಾದದ್ದು ಬೇರೆ: ಬೆನ್ನಿಗೆ ಬಾಯಿ ಹಾಕಿ, ಒಮ್ಮೆ ಜಾಡಿಸಿ, ಬಿಟ್ಟು, ಮುಂದಿನದಕ್ಕೆ ಹೋಗುತ್ತದೆಯೇ? ಸತ್ತ ಇಲಿಯನ್ನೇ ಕಚ್ಚಿಕೊಂಡು ಮೆರೆಯುವ ನಾಯಿ ಅಷ್ಟರಲ್ಲಿ ಮೂರು ಇಲಿ ಕಳೆದುಕೊಂಡಿರುತ್ತದೆ.

ಎದೆಗಾರಿಕೆಯಲ್ಲೇ ಹೆಚ್ಚು ಜನ ಎಡವುವುದು. ಮೈತುಂಬಾ ಗಾಯದ ಗುರುತಿರುವ ಗಂಡನ್ನು ತೋರಿಸಿ "ಎಂಥ ಗುಂಡಿಗೆ ನೋಡಿ" ಅನ್ನುತ್ತಾರೆ. ಅದು ಹೆಚ್ಚಿನ ಸಲ ಬುದ್ಧಿಯಿಲ್ಲದ್ದರ ಗುರುತು. ಬೇಕಾದದ್ದು ಹಿಂದೆ ಸರಿಯದೆ, ಮೈಮೇಲೂ ಬೀಳದೆ, ಒಂದೆರಡು ಅಡಿ ದೂರ ನಿಂತು ಬೊಗಳಿ ಹೊರಡಿಸುವ ನಾಯಿ. ಇಂಗ್ಲೆಂಡಿನ ಕಾನೂನು ಬಯಸುವುದೂ ಅದನ್ನೇ. 2004ರ ಹಂಟಿಂಗ್ ಆಕ್ಟ್ ಪ್ರಕಾರ ಟೆರಿಯರನ್ನು ನೆಲದೊಳಗೆ ಬಿಡಲು ಅವಕಾಶ ಇರುವುದು ಶೂಟಿಂಗ್‌ಗಾಗಿ ಸಾಕುವ ಹಕ್ಕಿಗಳ ರಕ್ಷಣೆಗೆ ಮಾತ್ರ. ಅದೂ ಒಂದೇ ನಾಯಿ, ಜಮೀನಿನವರ ಲಿಖಿತ ಅನುಮತಿ ಜೇಬಿನಲ್ಲಿರಬೇಕು, ನಾಯಿಗೆ ಗಾಯವಾಗದಂತೆ ಎಚ್ಚರ ವಹಿಸಿರಬೇಕು. ಇಲಿ ಮತ್ತು ಮೊಲಕ್ಕೆ ಬೇರೆ ವಿನಾಯಿತಿಗಳಿವೆ. ಕರ್ನಾಟಕದಲ್ಲಿ ಕುಳಿತು ಇದನ್ನು ಓದುತ್ತಿರುವವರಿಗೆ ಒಂದು ಮಾತು: 1972ರ ವನ್ಯಜೀವಿ ಕಾಯ್ದೆ ಇರುವ ನಮ್ಮಲ್ಲಿ ನರಿ, ಮೊಲ, ಮುಳ್ಳುಹಂದಿಯ ಮೇಲೆ ನಾಯಿ ಬಿಡುವ ಯೋಚನೆಯೇ ಬೇಡ.

ಮೈಕಟ್ಟಿನಲ್ಲಿ ಎತ್ತರಕ್ಕಿಂತ ಎದೆ ಮುಖ್ಯ. ನಾಯಿಯ ಹಿಂದೆ ನಿಂತು ಮುಂಗಾಲುಗಳು ನೆಲದಿಂದ ತುಸು ಮೇಲೇಳುವಂತೆ ಎತ್ತಿ. ಮೊಣಕೈಗಳ ಹಿಂದೆ ಎರಡೂ ಕೈಯಿಂದ ಎದೆಯನ್ನು ಬಳಸಿ ಹಿಡಿಯಿರಿ. ಹೆಬ್ಬೆರಳುಗಳು ಬೆನ್ನ ಮೇಲೆ ಕೂಡಬೇಕು, ಉಳಿದ ಬೆರಳುಗಳು ಎದೆಯ ಕೆಳಗೆ. ಸಾಧಾರಣ ಅಳತೆಯ ಕೈಗೆ ಹೀಗೆ ಸಿಗುವ ಎದೆಯ ಸುತ್ತಳತೆ ಸುಮಾರು 14 ಇಂಚು. ಹಿಡಿದ ಮೇಲೆ ಮೆಲ್ಲಗೆ ಒತ್ತಿ ನೋಡಿ, ಪಕ್ಕೆಲುಬು ಬಗ್ಗಬೇಕು. ಪೀಪಾಯಿಯ ಹಾಗೆ ಗಟ್ಟಿಯಾಗಿದ್ದರೆ ನಾಯಿ ಎಷ್ಟೇ ಗಿಡ್ಡವಿದ್ದರೂ ಬಿಲದ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಬಾರ್ಡರ್ ಟೆರಿಯರ್‌ನ ತಳಿ ಮಾನದಂಡದಲ್ಲೇ ಈ ಎರಡು ಕೈಯ ಅಳತೆ ಬರೆದಿದೆ.

ಬರೆದಿದ್ದರೆ ಸಾಲದು, ಅಳೆಯುವವರೂ ಇರಬೇಕು. ಜ್ಯಾಕ್ ರಸೆಲ್ ತಳಿಗೆ ಹೆಸರು ಕೊಟ್ಟ ಪಾದ್ರಿ ಜಾನ್ ರಸೆಲ್, ಬ್ರಿಟನ್ನಿನಲ್ಲಿ ತಳಿ ನಾಯಿಗಳನ್ನು ನೋಂದಾಯಿಸುವ, 1873ರಲ್ಲಿ ಹುಟ್ಟಿದ ಕೆನಲ್ ಕ್ಲಬ್ಬಿನ ಸ್ಥಾಪಕ ಸದಸ್ಯರಲ್ಲೊಬ್ಬ. ಆದರೂ ತನ್ನ ಸ್ವಂತ ನಾಯಿಗಳನ್ನು ಶೋಗಳಿಂದ ದೂರವೇ ಇಟ್ಟಿದ್ದ. ರಿಂಗಿನೊಳಗೆ ಹೋದ ಫಾಕ್ಸ್ ಟೆರಿಯರ್ ಉದ್ದ ಮುಖ, ನೆಟ್ಟಗಿನ ಭುಜದ ಕಡೆ ಹೊರಳಿತು. ಜ್ಯಾಕ್ ರಸೆಲ್‌ಗೆ ಕೆನಲ್ ಕ್ಲಬ್ ಮಾನ್ಯತೆ ಸಿಕ್ಕಿದ್ದು 2016ರಲ್ಲಿ. ಕೆಲಸದ ನಾಯಿ ಸಾಕುವವರಲ್ಲಿ ಬಹಳಷ್ಟು ಜನ ಅದನ್ನು ವಿರೋಧಿಸಿದ್ದು ಇದೇ ಅಂಜಿಕೆಯಿಂದ.

ಹಾಗಾದರೆ ಎಂಥ ಗಂಡು ನೋಡಬೇಕು? ಐದು ವರ್ಷ ದಾಟಿ ಇನ್ನೂ ಕೆಲಸದಲ್ಲಿರುವುದು. ಆ ವಯಸ್ಸಿಗೆ ಹಲ್ಲು, ಕೀಲು, ಸ್ವಭಾವ ಎಲ್ಲ ತಾವಾಗಿ ಬಯಲಾಗಿರುತ್ತವೆ. ಅದಕ್ಕಿಂತ ಮುಖ್ಯ, ಅದರ ಒಡಹುಟ್ಟುಗಳನ್ನು ಕೇಳಿ. ಒಂದು ಒಳ್ಳೆಯ ನಾಯಿ ಒಳ್ಳೆಯ ಮಾಲೀಕನ ಕೈಚಳಕವೂ ಆಗಿರಬಹುದು. ಒಂದೇ ಸೂಲಿನ ಐದರಲ್ಲಿ ನಾಲ್ಕು, ನಾಲ್ಕು ಬೇರೆ ಮನೆಗಳಲ್ಲಿ ಕೆಲಸ ಮಾಡುತ್ತಿದ್ದರೆ ಅದು ತಳಿಯ ಬಲ. ನನ್ನನ್ನು ಕೇಳಿದರೆ ಸ್ಟಾರ್ ನಾಯಿಗಿಂತ ಇಂಥ ಸೂಲಿನ ಸಾಧಾರಣ ನಾಯಿಯೇ ಮೇಲು.

ಕ್ರಾಸ್‌ಗೆ ಮೊದಲು ಎರಡಕ್ಕೂ ಡಿಎನ್ಎ ಪರೀಕ್ಷೆ ಮಾಡಿಸಿ. ಪಿಎಲ್ಎಲ್ ಎಂಬ ಕಣ್ಣಿನ ಕಾಯಿಲೆಯಲ್ಲಿ ಮಸೂರ ಜಾಗ ತಪ್ಪಿ ಕುರುಡಾಗುತ್ತದೆ. ಅದು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 3ರಿಂದ 8 ವರ್ಷದೊಳಗೆ, ಅಂದರೆ ಮರಿ ಹಾಕಿ ಆದ ಮೇಲೆ. ನಡಿಗೆ ತೂರಾಡಿಸುವ ಅಟಾಕ್ಸಿಯಾದ ಎರಡು ಬಗೆಗಳಿಗೂ ಪರೀಕ್ಷೆ ಇದೆ. ವಾಹಕ (ದೋಷದ ಒಂದೇ ಪ್ರತಿ ಇರುವುದು) ಎಂದು ಬಂದ ನಾಯಿಯನ್ನು ತಳಿಯಿಂದಲೇ ತೆಗೆದುಹಾಕಬೇಡಿ. ಶುದ್ಧ ಎಂದು ಬಂದದ್ದರ ಜೊತೆ ಕೂಡಿಸಿದರೆ ಎರಡು ಪ್ರತಿ ದೋಷವಿರುವ ಮರಿ ಹುಟ್ಟುವುದಿಲ್ಲ. ವಾಹಕಗಳನ್ನೆಲ್ಲ ಕಿತ್ತೆಸೆದರೆ ಅವುಗಳ ಜೊತೆ ಮೂಗೂ ದನಿಯೂ ಹೋಗುತ್ತವೆ. ಬಿಳಿ ಹೆಚ್ಚಿರುವ ಮರಿಗಳಿಗೆ ಆರು ವಾರದ ಹೊತ್ತಿಗೆ ಬೇರ್ (BAER) ಎಂಬ ಶ್ರವಣ ಪರೀಕ್ಷೆ ಮಾಡಿಸಿ. ಒಂದೇ ಕಿವಿ ಕಿವುಡಾದ ಮರಿ ಮನೆಯಲ್ಲಿ ಗೊತ್ತೇ ಆಗುವುದಿಲ್ಲ, ಶಬ್ದದ ದಿಕ್ಕು ತಿಳಿಯದೆ ಕೆಲಸದಲ್ಲಿ ಸಿಕ್ಕಿಬೀಳುತ್ತದೆ.

ಒಳ್ಳೆಯದನ್ನು ಉಳಿಸಲೆಂದು ಅಪ್ಪ-ಮಗಳನ್ನು, ಅಣ್ಣ-ತಂಗಿಯನ್ನು ಕೂಡಿಸುವವರಿದ್ದಾರೆ. ಅದರಲ್ಲಿ ಒಳಸಂತಾನದ (ಹತ್ತಿರದ ರಕ್ತಸಂಬಂಧದಲ್ಲಿ ಕೂಡಿಸುವುದರ) ಪ್ರಮಾಣ 25%, ಅಪ್ಪ ಅಥವಾ ಅಮ್ಮ ಮಾತ್ರ ಒಂದೇ ಆದ ಒಡಹುಟ್ಟುಗಳಲ್ಲಿ 12.5%, ಸೋದರಸಂಬಂಧಿಗಳಲ್ಲಿ 6.25%. ಅಮೆರಿಕದ ಜ್ಯಾಕ್ ರಸೆಲ್ ಟೆರಿಯರ್ ಕ್ಲಬ್ 16% ಮೀರಿದ ನಾಯಿಯನ್ನು ನೋಂದಾಯಿಸುವುದಿಲ್ಲ. ನಿಮ್ಮದು ಮೊದಲ ಸೂಲಾದ್ದರಿಂದ 6%ರ ಒಳಗೇ ಇರಲಿ. ಪ್ರಮಾಣ ಏರಿದಷ್ಟೂ ಮರಿಗಳ ಸಂಖ್ಯೆ ಇಳಿಯುತ್ತದೆ, ಆರಿಸಿಕೊಳ್ಳಲು ಮರಿಗಳೇ ಇಲ್ಲದಂತಾಗುತ್ತದೆ.

ಮರಿಗಳನ್ನು ಅವಸರದಲ್ಲಿ ಅಳೆಯಬೇಡಿ. ಎಂಟು ವಾರದಲ್ಲಿ ದಾರಕ್ಕೆ ಕಟ್ಟಿದ ಚರ್ಮದ ತುಂಡಿನ ಹಿಂದೆ ಓಡಿದ್ದು ಆಟ ಮಾತ್ರ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಪೂರ್ತಿ ಬರುವ ಏಳು ತಿಂಗಳ ತನಕ ಇಲಿ ಬೇಡ. ಮೊದಲ ಇಲಿಯೇ ತುಟಿಗೆ ಕಚ್ಚಿ ನೇತಾಡಿದರೆ ಕೆಲವು ಮರಿಗಳು ಕಾಯಂ ಆಗಿ ಹಿಂಜರಿಯುತ್ತವೆ, ಆಮೇಲೆ ನಾವು ಅದನ್ನು ಹುಟ್ಟುಗುಣ ಎಂದು ಬರೆದಿಡುತ್ತೇವೆ. ನೆಲದೊಳಗೆ ಒಂದು ವರ್ಷಕ್ಕೆ ಮೊದಲು ಬೇಡವೇ ಬೇಡ. ಒಟ್ಟು ತೀರ್ಮಾನ ಹದಿನೆಂಟು ತಿಂಗಳಾದ ಮೇಲೆ. ಅಮೆರಿಕದ ಅರ್ಥ್‌ಡಾಗ್ ಪರೀಕ್ಷೆಯಲ್ಲಿ 9 ಇಂಚು ಚೌಕದ, 30 ಅಡಿ ಉದ್ದದ, ಮೂರು ತಿರುವಿನ ಸುರಂಗದ ಕೊನೆಯಲ್ಲಿ ಇಲಿಗಳನ್ನು ಸರಳುಗಳ ಹಿಂದೆ ಸುರಕ್ಷಿತವಾಗಿ ಇಟ್ಟಿರುತ್ತಾರೆ. ಕತ್ತಲೆಗೆ ಹೆದರುತ್ತದೆಯೋ ಎಂದು ತಿಳಿಯಲು ಅದು ಒಳ್ಳೆಯದೇ. ಆದರೆ ದಾರಿ ಹುಡುಕುವ ತಲೆ, ಗಂಟೆಗಟ್ಟಲೆ ನಿಲ್ಲುವ ತಾಳ್ಮೆ ಅದರಲ್ಲಿ ಬಯಲಾಗುವುದಿಲ್ಲ.

ಫಾರಂಗೆ ಮರಿ ಬಿಡುವ ಮುಂಚೆ ಇಲಿ ಪಾಷಾಣ ಇಟ್ಟಿದ್ದಾರೆಯೇ ಎಂದು ಕೇಳಿ. ಈಗಿನ ಪಾಷಾಣಗಳಲ್ಲಿ ಹೆಚ್ಚಿನವು ರಕ್ತ ಹೆಪ್ಪುಗಟ್ಟದಂತೆ ಮಾಡುವಂಥವು, ಅಂಥದ್ದನ್ನು ತಿಂದ ಇಲಿಯನ್ನು ನುಂಗಿದ ನಾಯಿಗೆ ಲಕ್ಷಣ ಕಾಣಲು ಮೂರರಿಂದ ಐದು ದಿನ ಬೇಕು. ಅನುಮಾನ ಬಂದ ದಿನವೇ ವೈದ್ಯರ ಬಳಿ ಹೋದರೆ ವಿಟಮಿನ್ ಕೆ1 ಕೊಟ್ಟು ಉಳಿಸಬಹುದು. ಇಲಿಜ್ವರದ ಲಸಿಕೆ ವರ್ಷವರ್ಷವೂ ಹಾಕಿಸಬೇಕು.

ಕೊನೆಯದಾಗಿ ಲೆಕ್ಕದ ಪುಸ್ತಕ. ಪ್ರತಿ ಮರಿಗೂ ಒಂದು ಪುಟ: ಮೂಗು, ದನಿ, ಎದೆಗಾರಿಕೆ, ಕರೆದರೆ ಬರುವುದು, ಕೋಳಿ-ಕುರಿಗಳ ನಡುವೆ ನಡತೆ, ಎದೆಯ ಅಳತೆ, ಪ್ರತಿಯೊಂದಕ್ಕೂ ಐದರಲ್ಲಿ ಅಂಕ. ಫ್ಲ್ಯಾಟಿನಲ್ಲಿ ಬೆಳೆದು ಇಲಿಯನ್ನೇ ನೋಡದ ಮರಿಗೆ ಸೊನ್ನೆ ಹಾಕಬೇಡಿ, ಜಾಗ ಖಾಲಿ ಬಿಡಿ. ಖಾಲಿ ಜಾಗ ಹೆಚ್ಚಾದಷ್ಟೂ ನಿಮಗೆ ಗೊತ್ತಿರುವುದು ಕಡಿಮೆ. ಆದ್ದರಿಂದ ಮರಿಗಳಲ್ಲಿ ಅರ್ಧದಷ್ಟಾದರೂ ರೈತರಿಗೆ, ಇಲಿ ಹಿಡಿಯುವ ಕಸುಬಿನವರಿಗೆ ಕೊಡಿ. ಬೆಲೆ ಇಳಿಸಿಯಾದರೂ ಪರವಾಗಿಲ್ಲ, ಹದಿನೆಂಟು ತಿಂಗಳಿಗೆ ಬಂದು ನೋಡುತ್ತೇನೆ ಎಂಬ ಷರತ್ತು ಮೊದಲೇ ಬರೆಸಿಕೊಳ್ಳಿ. ಒಂದು ಹೆಣ್ಣುಮರಿಯನ್ನು ನೀವೇ ಇಟ್ಟುಕೊಳ್ಳಿ, ಆದರೆ ಯಾವುದು ಎಂದು ಎಂಟು ವಾರಕ್ಕೇ ಗಟ್ಟಿ ಮಾಡಬೇಡಿ. ಸಾಧ್ಯವಿದ್ದರೆ ಎರಡನ್ನು ಒಂದೂವರೆ ವರ್ಷ ಬೆಳೆಸಿ, ಆಮೇಲೆ ಒಂದನ್ನು ಕೊಡಿ.